ಪಿಎಲ್‌ಸಿಗೆ ಕೇಬಲ್ ಜೋಡಿಸುವ ಮುಂಚೆ ಪೋರ್ಟ್ ಯಾವುದು ಅಂತ ನೋಡಿ

ಕನೆಕ್ಟರ್ ಸಲೀಸಾಗಿ ಕೂತಿತು ಅಂದ ಮಾತ್ರಕ್ಕೆ ಕೇಬಲ್ ಸರಿಯಾಗಿದೆ ಅಂತ ಅರ್ಥ ಅಲ್ಲ. ಪಿಎಲ್‌ಸಿ ಅಂದರೆ ಕಾರ್ಖಾನೆಯ ಯಂತ್ರಗಳನ್ನು ನಿಯಂತ್ರಿಸುವ ಕಂಪ್ಯೂಟರ್. ಅವುಗಳಲ್ಲಿ ಕಾಣುವ 9 ಪಿನ್ನಿನ ಕನೆಕ್ಟರನ್ನೇ ನೋಡಿ. ಅದರ ಹಿಂದೆ ಆರ್‌ಎಸ್-232 ಇರಬಹುದು, ಆರ್‌ಎಸ್-485 ಇರಬಹುದು, ಪ್ರೊಫಿಬಸ್ ಕೂಡ ಇರಬಹುದು. ಇವೆಲ್ಲ ಸಾಧನಗಳು ಒಂದಕ್ಕೊಂದು ಮಾಹಿತಿ ಕಳಿಸುವ ಬೇರೆ ಬೇರೆ ವಿಧಾನಗಳು. ಸೀಮೆನ್ಸ್ ಎಸ್7-200ರ ಪೋರ್ಟ್‌ನಲ್ಲಿ 7ನೇ ಪಿನ್ನಿಗೆ 24 ವೋಲ್ಟ್ ಬರುತ್ತದೆ. ಸುಮ್ನೆ ಕೈಗೆ ಸಿಕ್ಕ ಸೀರಿಯಲ್ ಕೇಬಲ್ ಚುಚ್ಚಿದರೆ ಲ್ಯಾಪ್‌ಟಾಪ್ ಕಡೆಯ ಪೋರ್ಟ್ ಸುಟ್ಟರೂ ಸುಡಬಹುದು. ಅದಕ್ಕೇ ಮೊದಲ ಕೆಲಸ ಮ್ಯಾನುಯಲ್ ತೆಗೆದು ಪಿನ್ ಚಿತ್ರ ನೋಡುವುದು. ಮಿತ್ಸುಬಿಷಿ ಎಫ್‌ಎಕ್ಸ್ ಸರಣಿಯ ದುಂಡನೆಯ 8 ಪಿನ್ ಪೋರ್ಟ್ ಆರ್‌ಎಸ್-422. ಅದಕ್ಕೆ ಬೇರೆಯದೇ ಕೇಬಲ್ ಬೇಕು.

ಆಮೇಲೆ ದೂರ ಅಳೆಯಿರಿ. ಆರ್‌ಎಸ್-232 ಸುಮಾರು 15 ಮೀಟರ್‌ವರೆಗೆ, ಅದೂ ಎರಡೇ ಸಾಧನಗಳ ನಡುವೆ. ಆರ್‌ಎಸ್-485 ಕಡಿಮೆ ವೇಗದಲ್ಲಿ 1200 ಮೀಟರ್‌ವರೆಗೂ ಹೋಗುತ್ತದೆ. ಒಂದೇ ಸಾಲಿನಲ್ಲಿ ಸಾಮಾನ್ಯವಾಗಿ 32 ಸಾಧನ ಹಾಕಬಹುದು. ತಾಮ್ರದ ಈಥರ್ನೆಟ್ಟಿಗೆ ಒಂದು ತುಂಡು 100 ಮೀಟರ್, ಅದಕ್ಕಿಂತ ಜಾಸ್ತಿ ಬೇಕಾದರೆ ನಡುವೆ ಸ್ವಿಚ್ ಇಡಿ.

ಜಾಸ್ತಿ ತಲೆನೋವು ಕೊಡುವುದು ಆರ್‌ಎಸ್-485. ಇದಕ್ಕೆ ಸಾಮಾನ್ಯವಾಗಿ 120 ಓಮ್ ಇಂಪಿಡೆನ್ಸ್‌ನ (ಕೇಬಲ್ಲಿನ ವಿವರದಲ್ಲಿ ಬರೆದಿರುತ್ತದೆ), ಶೀಲ್ಡ್ (ಹೊರಗಿನ ವಿದ್ಯುತ್ ಅಡಚಣೆ ತಡೆಯುವ ಲೋಹದ ಹೊದಿಕೆ) ಇರುವ, ತಿರುಚಿದ ಜೋಡಿ ತಂತಿ ಬೇಕು. ತಂತಿ ಒಂದು ಸಾಧನದಿಂದ ಇನ್ನೊಂದಕ್ಕೆ, ಅಲ್ಲಿಂದ ಮುಂದಿನದಕ್ಕೆ ಸಾಲಾಗಿ ಹೋಗಬೇಕು. ನಡುವೆ ಜಂಕ್ಷನ್ ಬಾಕ್ಸ್ ಇಟ್ಟು ನಾಲ್ಕು ದಿಕ್ಕಿಗೆ ಕವಲು ಎಳೆಯಬೇಡಿ. ಸಾಲಿನ ಎರಡು ತುದಿಗಳಲ್ಲಿ ಮಾತ್ರ, ಎ ಮತ್ತು ಬಿ ಅನ್ನುವ ಎರಡು ತಂತಿಗಳ ನಡುವೆ, 120 ಓಮ್ ರೆಸಿಸ್ಟರ್ ಹಾಕಿ.

ರೆಸಿಸ್ಟರ್ ಸರಿಯಾಗಿ ಕೂತಿದೆಯಾ ಅಂತ ತಿಳಿಯುವುದು ಸುಲಭ. ಎಲ್ಲ ಸಾಧನಗಳ ಪವರ್ ಆಫ್ ಮಾಡಿ, ಮಲ್ಟಿಮೀಟರನ್ನು ಎ-ಬಿ ನಡುವೆ ಇಡಿ. 60 ಓಮ್ ಆಸುಪಾಸು ತೋರಿಸಿದರೆ ಸರಿ. 120 ತೋರಿಸಿದರೆ ಒಂದು ತುದಿಯ ರೆಸಿಸ್ಟರ್ ಇಲ್ಲ. 40 ಅಂದರೆ ನಡುವಿನ ಯಾವುದೋ ಸಾಧನದಲ್ಲೂ ಟರ್ಮಿನೇಷನ್ ಸ್ವಿಚ್ (ಸಾಧನದೊಳಗಿನ ತುದಿ ರೆಸಿಸ್ಟರನ್ನು ಸೇರಿಸುವ ಸ್ವಿಚ್) ಆನ್ ಆಗಿ ಉಳಿದಿದೆ, ಹುಡುಕಿ ಆಫ್ ಮಾಡಿ.

ಎ, ಬಿ ಅನ್ನುವ ಹೆಸರನ್ನು ಮಾತ್ರ ಪೂರ್ತಿ ನಂಬಬೇಡಿ. ಒಂದು ಕಂಪನಿ ಎ ಅಂದದ್ದನ್ನೇ ಇನ್ನೊಂದು ಬಿ ಅನ್ನುತ್ತದೆ. ಪ್ಲಸ್, ಮೈನಸ್ ಗುರುತು ಇದ್ದರೆ ಅದನ್ನೇ ಹಿಡಿಯಿರಿ. ಸಂವಹನ ಬರದಿದ್ದರೆ ಎರಡು ತಂತಿ ಅದಲು ಬದಲು ಮಾಡಿ ನೋಡಿ. ಅದರಿಂದ ಸಾಮಾನ್ಯವಾಗಿ ಏನೂ ಹಾಳಾಗುವುದಿಲ್ಲ.

ತಂತಿ ಎಳೆಯುವಾಗ ಮೋಟಾರ್, ಡ್ರೈವ್‌ಗಳ ಪವರ್ ಕೇಬಲ್ಲಿನ ಜೊತೆ ಒಂದೇ ಟ್ರೇಯಲ್ಲಿ ಹಾಕಬೇಡಿ. ದಾಟಲೇಬೇಕು ಅಂದರೆ ಅಡ್ಡಡ್ಡವಾಗಿ, 90 ಡಿಗ್ರಿಯಲ್ಲಿ ದಾಟಿಸಿ. ಶೀಲ್ಡನ್ನು ಎಲ್ಲಿ ಅರ್ಥ್ ಮಾಡಬೇಕು ಅನ್ನುವುದಕ್ಕೆ ಒಂದೇ ಉತ್ತರ ಇಲ್ಲ. ಮಾಡ್‌ಬಸ್ (ಆರ್‌ಎಸ್-485 ಮೇಲೆ ಹೆಚ್ಚಾಗಿ ಬಳಸುವ ಸಂವಹನ ಕ್ರಮ) ಸಾಲಿಗೆ ಒಂದೇ ಕಡೆ ಸಾಕು ಅನ್ನುವವರು ಜಾಸ್ತಿ, ಪ್ರೊಫಿಬಸ್ಸಿಗೆ ಎರಡೂ ಕಡೆ ಮಾಡುವುದು ರೂಢಿ. ತಯಾರಕರು ಹೇಳಿದ್ದನ್ನೇ ಮಾಡಿ.

ಕೊನೆಗೆ ಸೆಟ್ಟಿಂಗ್. ವೇಗ, ಪ್ಯಾರಿಟಿ (ತಪ್ಪು ಪತ್ತೆಗೆ ಸೇರಿಸುವ ಬಿಟ್), ಸ್ಟಾಪ್ ಬಿಟ್ (ಪ್ರತಿ ಅಕ್ಷರದ ಕೊನೆಯ ಗುರುತು) ಎಲ್ಲ ಸಾಧನಗಳಲ್ಲೂ ಒಂದೇ ಇರಬೇಕು, ವಿಳಾಸ ಮಾತ್ರ ಬೇರೆ ಬೇರೆ. ಯುಎಸ್‌ಬಿ ಕನ್ವರ್ಟರ್ ಬಳಸುತ್ತಿದ್ದರೆ ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ ಕಾಮ್ ಪೋರ್ಟ್ ಸಂಖ್ಯೆ ನೋಡಿಕೊಳ್ಳಿ, ಬೇರೆ ಯುಎಸ್‌ಬಿ ಕಿಂಡಿಗೆ ಹಾಕಿದರೆ ಅದು ಬದಲಾಗಬಹುದು. ಮೊದಲು ಒಂದೇ ಸಾಧನ ಜೋಡಿಸಿ, ಅದು ಉತ್ತರ ಕೊಟ್ಟ ಮೇಲೆ ಎರಡನೆಯದು. ಎಲ್ಲವನ್ನೂ ಒಟ್ಟಿಗೆ ಹಾಕಿದರೆ ತಪ್ಪು ಯಾವುದರಲ್ಲಿದೆ ಅಂತ ಹುಡುಕುವುದೇ ದಿನದ ಕೆಲಸ ಆಗುತ್ತದೆ.