ನಿದ್ದೆಯಲ್ಲಿ ಹಲ್ಲು ಕಡಿಯುತ್ತೀರಾ? ಗಾರ್ಡನ್ನು ಸರಿಯಾಗಿ ಕೂರಿಸಿಕೊಳ್ಳಿ

ಕಾಸರಗೋಡು ಜಿಲ್ಲೆಯ ಬದಿಯಡ್ಕದ ನಮ್ಮ ನೆಂಟರ ಮನೆಯ ಕಪಾಟಿನಲ್ಲಿ ಎರಡು ನೈಟ್ ಗಾರ್ಡ್ (ಹಲ್ಲು ಸವೆಯದಂತೆ ರಾತ್ರಿ ಹಲ್ಲಿನ ಮೇಲೆ ಹಾಕಿಕೊಳ್ಳುವ ಕವಚ) ಸುಮ್ನೆ ಬಿದ್ದಿವೆ. ದುಡ್ಡು ಕೊಟ್ಟು ಮಾಡಿಸಿದ್ದು. ಒಂದು ವಾರ ಹಾಕಿ, ದವಡೆ ನೋವು ಅಂತ ಬಿಟ್ಟರು. ಸರಿಯಾಗಿ ಕೂತಿರಲಿಲ್ಲ, ಅಷ್ಟೇ. ಇಂಥದ್ದನ್ನು ತುಂಬಾ ನೋಡಿದ್ದೇನೆ.

1. ಮೊದಲು ಖಚಿತ ಮಾಡಿಕೊಳ್ಳಿ. ನಿದ್ದೆಯಲ್ಲಿ ಕಡಿಯುವವರಿಗೇ ಅದು ಗೊತ್ತಾಗುವುದಿಲ್ಲ. ಪಕ್ಕದಲ್ಲಿ ಮಲಗುವವರನ್ನು ಕೇಳಿ. ಬೆಳಿಗ್ಗೆ ದವಡೆ ಬಿಗಿ, ಕಿವಿಯ ಮುಂದೆ ನೋವು, ತಲೆನೋವು, ನಾಲಿಗೆಯ ಅಂಚಿನಲ್ಲಿ ಹಲ್ಲಿನ ಗುರುತು ಇದ್ದರೆ ಅನುಮಾನ ಪಡಿ.

2. ಕಾರಣ ಹುಡುಕಿ. ಚಿಂತೆ, ಒತ್ತಡ, ಸಂಜೆಯ ಕಾಫಿ, ಸಿಗರೇಟು, ಕುಡಿತ. ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳಿಂದಲೂ ಆಗುತ್ತದೆ. ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ, ಬರೆದುಕೊಟ್ಟ ಡಾಕ್ಟರಿಗೆ ಹೇಳಿ. ಜೋರು ಗೊರಕೆ, ಮಧ್ಯೆ ಉಸಿರು ಕಟ್ಟುವುದು ಇದ್ದರೆ ನಿದ್ದೆಯ ಪರೀಕ್ಷೆ ಮೊದಲು, ಗಾರ್ಡ್ ಆಮೇಲೆ. ಮಕ್ಕಳು ಕಡಿದರೆ ನಮ್ಮಲ್ಲಿ ತಕ್ಷಣ ಹುಳದ ಮದ್ದು ಕುಡಿಸುತ್ತಾರೆ. ಹಲ್ಲು ಕಡಿದ ಮಾತ್ರಕ್ಕೆ ಹೊಟ್ಟೆಯಲ್ಲಿ ಹುಳ ಇದೆ ಅಂತಲ್ಲ. ಹೆಚ್ಚಿನ ಮಕ್ಕಳಲ್ಲಿ ದೊಡ್ಡವರಾಗುತ್ತಾ ಇದು ತಾನಾಗಿ ನಿಲ್ಲುತ್ತದೆ.

3. ಹಲ್ಲಿನ ಡಾಕ್ಟರಿಗೆ ತೋರಿಸಿ. ಮಲಯಾಳ ಮಾತ್ರ ಬರುವ ಡಾಕ್ಟರಾದರೆ ‘ಪಲ್ಲುಕಡಿ’ ಅಂದರೆ ಸಾಕು. ಎಲೆಅಡಿಕೆ ಹಾಕುವವರು ಮುಚ್ಚಿಡಬೇಡಿ. ಅಡಿಕೆ ಜಗಿದೂ ಹಲ್ಲು ಸವೆಯುತ್ತದೆ. ಎರಡರಲ್ಲಿ ಯಾವುದು ಅಂತ ಅವರಿಗೆ ತಿಳಿಯಬೇಕಲ್ವಾ?

4. ಗಾರ್ಡ್. ಬಿಸಿನೀರಲ್ಲಿ ಅದ್ದಿ ಕಚ್ಚುವ ಆನ್‌ಲೈನ್ ಗಾರ್ಡ್ ತರಿಸಬೇಡಿ. ಮೆತ್ತಗಿನದ್ದು ಬಾಯಲ್ಲಿದ್ದರೆ ಕೆಲವರು ಇನ್ನೂ ಜಾಸ್ತಿ ಅಗಿಯುತ್ತಾರೆ. ಹಲ್ಲಿನ ಅಚ್ಚು ತೆಗೆದು ಮಾಡಿದ ಗಟ್ಟಿ ಗಾರ್ಡೇ ನನ್ನ ಆಯ್ಕೆ.

ಗಾರ್ಡ್ ಕೈಗೆ ಬಂದ ದಿನವೇ ಎಲ್ಲರೂ ತಪ್ಪುವುದು. ಡಾಕ್ಟರು ಗಾರ್ಡ್ ಹಾಕಿಸಿ, ಅದರ ಮೇಲೆ ಬಣ್ಣ ಹತ್ತುವ ನೀಲಿ ಕಾಗದ ಇಟ್ಟು ಕಚ್ಚಲು ಹೇಳುತ್ತಾರೆ. ಗುರುತು ಎಡಕ್ಕೂ ಬಲಕ್ಕೂ ಒಂದೇ ರೀತಿ ಬೀಳಬೇಕು. ಒಂದು ಕಡೆ ಮೊದಲು ತಾಗಿದರೆ ಅಲ್ಲಿ ಗಾರ್ಡನ್ನು ಉಜ್ಜಿ ಇಳಿಸಿ ಮತ್ತೆ ಕಚ್ಚಿಸುತ್ತಾರೆ. ಮೂರು ಸಲ, ನಾಲ್ಕು ಸಲ ಆಗಬಹುದು. ಹೊರಗೆ ಜನ ಕಾಯುತ್ತಿದ್ದಾರೆ ಅಂತ ಸಂಕೋಚಪಟ್ಟು ‘ಸರಿಯಾಯ್ತು’ ಅನ್ನಬೇಡಿ. ನಮ್ಮ ನೆಂಟರು ಮಾಡಿದ್ದು ಅದನ್ನೇ. ದವಡೆಯನ್ನು ಮುಂದಕ್ಕೆ, ಎಡಕ್ಕೆ, ಬಲಕ್ಕೆ ಸರಿಸಿ ನೋಡಿ. ಎಲ್ಲಾದರೂ ಸಿಕ್ಕಿದಂತೆ ಅನಿಸಿದರೆ ಬೆರಳಿಟ್ಟು ಆ ಜಾಗ ತೋರಿಸಿ. ಕುರ್ಚಿಯಲ್ಲಿ ಒರಗಿ ಕಚ್ಚಿದ ಮೇಲೆ ನೆಟ್ಟಗೆ ಕೂತೂ ಒಮ್ಮೆ ಕಚ್ಚಿ, ಎರಡರಲ್ಲೂ ವ್ಯತ್ಯಾಸ ಇರುತ್ತದೆ. ಒಂದೆರಡು ವಾರ ಬಿಟ್ಟು ಗಾರ್ಡ್ ಹಿಡಿದುಕೊಂಡು ಮತ್ತೆ ಹೋಗಿ. ಈ ಎರಡನೇ ಭೇಟಿ ತಪ್ಪಿಸಲೇಬೇಡಿ.

ಬೆಳಿಗ್ಗೆ ಗಾರ್ಡ್ ತೆಗೆದಾಗ ಹಲ್ಲು ಸ್ವಲ್ಪ ಹೊತ್ತು ಸರಿಯಾಗಿ ಕೂಡದಂತೆ ಅನಿಸಬಹುದು. ಮಧ್ಯಾಹ್ನದ ಊಟಕ್ಕೂ ಹಾಗೇ ಇದ್ದರೆ ವಾಪಸ್ ಹೋಗಿ.

5. ತೊಳೆಯುವುದು. ಮೆತ್ತನೆ ಬ್ರಷ್, ತಣ್ಣೀರು. ನಮ್ಮ ಮನೆಗಳಲ್ಲಿ ಕುದಿಸಿದ ಜೀರಿಗೆ ನೀರು ಯಾವಾಗಲೂ ಇರುತ್ತದೆ, ಬಿಸಿ ಇರುವಾಗ ಅದರಲ್ಲಿ ಅದ್ದಬೇಡಿ. ಆಕಾರ ಕೆಡುತ್ತದೆ. ಪೇಸ್ಟ್ ಹಾಕಿ ತಿಕ್ಕಿದರೆ ಗೀರು ಬೀಳುತ್ತದೆ.

6. ಹಗಲು. ಗಾರ್ಡ್ ಹಲ್ಲನ್ನು ಕಾಯುತ್ತದೆ, ಕಡಿಯುವುದನ್ನು ನಿಲ್ಲಿಸುವುದಿಲ್ಲ. ಹಗಲೂ ಹಲ್ಲು ಕಚ್ಚಿ ಹಿಡಿಯುವ ಅಭ್ಯಾಸ ತುಂಬಾ ಜನರಿಗಿದೆ. ತುಟಿ ಮುಚ್ಚಿರಲಿ, ಹಲ್ಲು ಬಿಡಿಯಾಗಿರಲಿ. ಮೊಬೈಲ್ ಕೈಗೆತ್ತಿಕೊಂಡಾಗಲೆಲ್ಲ ಒಮ್ಮೆ ಗಮನಿಸಿ ಸಡಿಲ ಬಿಡಿ. ಬಾಯಿ ತೆರೆಯುವಾಗ ದವಡೆ ಸಿಕ್ಕಿಹಾಕಿಕೊಂಡರೆ ಮಾತ್ರ ಮನೆಮದ್ದು ಮಾಡುತ್ತಾ ಕೂರಬೇಡಿ, ಅವತ್ತೇ ತೋರಿಸಿ.