ಸ್ನಾರ್ಕೆಲ್ ನಾನೇ ಹಾಕಿದೆ: ಹೊರಗಿನ ಪೈಪಿಗಿಂತ ಒಳಗಿನ ಜೋಡಣೆ ಮುಖ್ಯ

ನನ್ನ ಡೀಸೆಲ್ ಫೋರ್‌ವೀಲ್ ಡ್ರೈವ್ ಗಾಡಿಗೆ ಸ್ನಾರ್ಕೆಲ್ ಅನ್ನು, ಅಂದರೆ ಎಂಜಿನ್‌ಗೆ ಬೇಕಾದ ಗಾಳಿಯನ್ನು ಟಾಪ್ ಎತ್ತರದಿಂದ ಎಳೆಯುವ ಪೈಪನ್ನು, ನಾನೇ ಕೂರಿಸಿದೆ. ಫೆಂಡರ್‌ಗೆ (ಮುಂದಿನ ಚಕ್ರದ ಮೇಲಿನ ತಗಡು) ತೂತು ಕೊರೆಯೋದೇ ದೊಡ್ಡ ಕೆಲಸ ಅಂತ ತುಂಬಾ ಜನ ಹಿಂಜರಿಯುತ್ತಾರೆ. ಅಳತೆ ಸರಿಯಾಗಿದ್ದರೆ ಅದು ಬೇಗ ಮುಗಿಯುತ್ತದೆ. ಹೊತ್ತು ಹಿಡಿಯೋದು, ಹಿಡಿಯಬೇಕಾದ್ದು, ಒಳಗಿನ ಜೋಡಣೆ. ಮೇಲಿನ ಬಾಯಿಯಿಂದ ಟರ್ಬೊವರೆಗೆ (ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಭಾಗ) ಎಲ್ಲಾದರೂ ಒಂದು ಸಂದಿ ಉಳಿದರೂ ಹೊರಗೆ ಕಾಣುವ ಪೈಪು ಬರೀ ಅಲಂಕಾರ.

ಗಾಳಿಯನ್ನು ಒತ್ತಿ ಕುಗ್ಗಿಸಬಹುದು, ನೀರನ್ನು ಆಗಲ್ಲ. ಸಿಲಿಂಡರ್‌ಗೆ ನೀರು ಹೊಕ್ಕರೆ ಮೇಲೇರುವ ಪಿಸ್ಟನ್‌ಗೆ ಅದು ಅಡ್ಡ ನಿಲ್ಲುತ್ತದೆ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಡೀಸೆಲ್ ಎಂಜಿನ್‌ನಲ್ಲಿ ಪಿಸ್ಟನ್ ತುದಿ ಮುಟ್ಟಿದಾಗ ಉಳಿಯುವ ಜಾಗ ತೀರಾ ಕಡಿಮೆ. ಹಾಗಾಗಿ ಸ್ವಲ್ಪ ನೀರೇ ಸಾಕು. ಬಹಳಷ್ಟು ಗಾಡಿಗಳಲ್ಲಿ ಗಾಳಿ ಎಳೆಯುವ ಬಾಯಿ ಹೆಡ್‌ಲೈಟ್ ಹಿಂದೆಯೋ ಫೆಂಡರ್ ಒಳಗೋ ಇರುತ್ತದೆ. ನೀರಿಗೆ ಇಳಿದಾಗ ಮುಂದೆ ಏಳುವ ಅಲೆ ಅಲ್ಲಿಗೆ ಸುಲಭವಾಗಿ ಮುಟ್ಟುತ್ತದೆ.

ನನಗೆ ಧೂಳೂ ಅಷ್ಟೇ ದೊಡ್ಡ ಕಾರಣ. ಮಣ್ಣುರಸ್ತೆಯಲ್ಲಿ ಇನ್ನೊಂದು ಗಾಡಿಯ ಹಿಂದೆ ಹೋಗುವಾಗ ಚಕ್ರದ ಎತ್ತರದಲ್ಲಿ ಇರುವಷ್ಟು ಧೂಳು ಟಾಪ್ ಎತ್ತರದಲ್ಲಿ ಇರೋದಿಲ್ಲ. ನೀರು ದಾಟೋದು ಅಪರೂಪ, ಧೂಳು ದಿನದ ಮಾತು ಅಲ್ವಾ?

ಮೊದಲು ಬ್ಯಾಟರಿಯ ನೆಗೆಟಿವ್ ಕಳಚಿದೆ. ಚಕ್ರದ ಮೇಲಿನ ಪ್ಲಾಸ್ಟಿಕ್ ಲೈನರ್ ಬಿಚ್ಚಿ, ಫೆಂಡರ್ ಹಿಂದೆ ಯಾವ ವೈರು, ಯಾವ ಪೈಪು ಹೋಗಿದೆ ಅಂತ ಟಾರ್ಚ್ ಹಿಡಿದು ನೋಡಿದೆ. ಆಮೇಲೆ ಫೆಂಡರ್ ತುಂಬಾ ಮಾಸ್ಕಿಂಗ್ ಟೇಪ್ ಅಂಟಿಸಿ, ಕಿಟ್ ಜೊತೆ ಬಂದ ಕಾಗದದ ಅಚ್ಚು ಇಟ್ಟೆ. ಅಚ್ಚನ್ನು ಮಾತ್ರ ನಂಬಬೇಡಿ. ಸ್ನಾರ್ಕೆಲ್ ಅನ್ನೇ ಎತ್ತಿ ಹಿಡಿದು ನೋಡಿ, ಬಾಗಿಲು ಪೂರ್ತಿ ತೆರೆಯಿರಿ, ಬಾನೆಟ್ ಎತ್ತಿ ಇಳಿಸಿ. ಯಾವುದಕ್ಕೂ ತಾಗದಿದ್ದರೆ ಮಾತ್ರ ಗುರುತು ಹಾಕಿ.

ಮೊದಲು 3 ಮಿ.ಮೀ. ಡ್ರಿಲ್ ಬಿಟ್‌ನಿಂದ ಚಿಕ್ಕ ತೂತು, ಆಮೇಲೆ ಹೋಲ್ ಸಾ (ದೊಡ್ಡ ದುಂಡು ತೂತು ಕೊರೆಯುವ ಬಿಟ್). ಡ್ರಿಲ್ ನಿಧಾನವಾಗಿ ತಿರುಗಲಿ, ಒತ್ತಡ ಕಡಿಮೆ ಇರಲಿ. ಕೊರೆದ ಅಂಚನ್ನು ಅರದಿಂದ ಉಜ್ಜಿ, ಪ್ರೈಮರ್ ಹಚ್ಚಿ, ಮೇಲೆ ಎರಡು ಕೋಟ್ ಬಣ್ಣ ಕೊಟ್ಟೆ. ಬಣ್ಣ ಒಣಗುವವರೆಗೆ ಕಾಯೋಕೆ ಬೇಜಾರಾಗುತ್ತದೆ ನಿಜ, ಆದರೆ ಬರಿ ತಗಡನ್ನು ಹಾಗೇ ಬಿಟ್ಟರೆ ತುಕ್ಕು ಹಿಡಿಯೋದು ಖಂಡಿತ. ಲೋಹದ ಚೂರುಗಳನ್ನು ವ್ಯಾಕ್ಯೂಮ್‌ನಿಂದ ಎಳೆದು ತೆಗೆದೆ. ಒಂದು ಚೂರು ಗಾಳಿದಾರಿಯಲ್ಲಿ ಉಳಿದರೂ ಎಂಜಿನ್‌ಗೆ ಕೇಡು.

ವಿಂಡ್‌ಶೀಲ್ಡ್ ಪಕ್ಕದ ಕಂಬಕ್ಕೆ ಮೇಲಿನ ಬ್ರಾಕೆಟ್ ಕೂರಿಸುವಾಗ ತುಂಬಾ ಎಚ್ಚರ ಬೇಕು. ಕರ್ಟನ್ (ಪಕ್ಕದ ಕಿಟಕಿಗೆ ಪರದೆಯಂತೆ ಇಳಿಯುವ) ಏರ್‌ಬ್ಯಾಗ್ ಇರುವ ಗಾಡಿಗಳಲ್ಲಿ ಅದರ ಭಾಗಗಳು ಆ ಕಂಬದೊಳಗೆ ಇರಬಹುದು. ಒಳಗಿನ ಟ್ರಿಮ್ ತೆಗೆದು ನೋಡಿಯೇ ಕೊರೆದೆ. ಡ್ರಿಲ್ ಬಿಟ್‌ಗೆ ಬೇಕಾದಷ್ಟೇ ತುದಿ ಬಿಟ್ಟು ಟೇಪ್ ಸುತ್ತಿದೆ, ಅದಕ್ಕಿಂತ ಆಳಕ್ಕೆ ಹೋಗದಿರಲಿ ಅಂತ.

ಇನ್ನು ಜೋಡಣೆ. ಫೆಂಡರ್ ಒಳಗೆ ಸ್ನಾರ್ಕೆಲ್ ಮತ್ತು ಫಿಲ್ಟರ್ ಬಾಕ್ಸ್ ನಡುವೆ ರಬ್ಬರ್ ಹೋಸ್ ಬರುತ್ತದೆ. ಎರಡೂ ತುದಿ ಒರೆಸಿ ಒಣಗಿಸಿ, ಸೀಲೆಂಟ್ ಹಚ್ಚಿ, ಕ್ಲಾಂಪ್ ಬಿಗಿದೆ. ವಿನೆಗರ್ ವಾಸನೆ ಬರುವ ಸಿಲಿಕೋನ್ ಬೇಡ, ಅದರ ಆಮ್ಲ ಲೋಹವನ್ನು ತಿನ್ನುತ್ತದೆ. ನ್ಯೂಟ್ರಲ್ ಕ್ಯೂರ್ ಅಂತ ಬರೆದಿರೋದನ್ನೇ ತಗೊಳ್ಳಿ. ಫಿಲ್ಟರ್ ಬಾಕ್ಸ್‌ನ ತಳದಲ್ಲಿ ನೀರು ಇಳಿಯಲು ಒಂದು ತೂತು ಇರುತ್ತದೆ. ಜನ ಮರೆಯೋದು ಇದನ್ನೇ. ಬಾಕ್ಸ್ ಮುಳುಗಿದರೆ ಆ ತೂತಿನಿಂದಲೇ ನೀರು ಒಳಗೆ ಬರುತ್ತದೆ, ಸ್ನಾರ್ಕೆಲ್ ಎಷ್ಟೇ ಎತ್ತರ ಇದ್ದರೂ. ನನ್ನ ಕಿಟ್‌ನ ಸೂಚನೆಯಂತೆ ಅದನ್ನು ಮುಚ್ಚಿದೆ. ಈಗ ಜೋರು ಮಳೆಯಲ್ಲಿ ಓಡಿಸಿದ ಮೇಲೆ ಬಾಕ್ಸ್ ತೆರೆದು ತಳ ಒರೆಸೋದು ಅಭ್ಯಾಸ. ಮುಚ್ಚಳದ ರಬ್ಬರ್ ಬೀಡಿಂಗ್ ಕೂಡ ಆಗಲೇ ನೋಡಿಕೊಳ್ಳುತ್ತೇನೆ.

ಸೀಲೆಂಟ್ ಒಣಗಿದ ಮೇಲೆ ಪರೀಕ್ಷೆ. ಸ್ನಾರ್ಕೆಲ್‌ನ ತಲೆ ಕಳಚಿದೆ, ಯಾಕೆಂದರೆ ಮಳೆನೀರು ಇಳಿಯಲು ಅದರಲ್ಲಿ ಸಣ್ಣ ಸೀಳುಗಳಿರುತ್ತವೆ. ಎಂಜಿನ್ ಐಡಲ್‌ನಲ್ಲಿ ಬಿಟ್ಟು ಪೈಪಿನ ಬಾಯಿಗೆ ದಪ್ಪ ರಬ್ಬರ್ ಷೀಟ್ ಒತ್ತಿ ಹಿಡಿದೆ. ಎಂಜಿನ್ ತಡವರಿಸಿ ನಿಂತಿತು. ಅದು ಆರಾಮಾಗಿ ಓಡುತ್ತಲೇ ಇದ್ದರೆ ಎಲ್ಲೋ ಗಾಳಿ ನುಗ್ಗುತ್ತಿದೆ ಅಂತ ಅರ್ಥ, ಮತ್ತೆ ಹುಡುಕಬೇಕು. ಬಟ್ಟೆ, ತೆಳು ಪ್ಲಾಸ್ಟಿಕ್ ಯಾವತ್ತೂ ಬಳಸಬೇಡಿ. ಸೆಳೆತಕ್ಕೆ ಒಳಗೆ ಹೋಗಿಬಿಡುತ್ತದೆ.

ಇಷ್ಟಾದರೂ ಎಷ್ಟು ಆಳಕ್ಕೆ ಬೇಕಾದರೂ ಇಳಿಯಬಹುದು ಅಂದುಕೊಳ್ಳಬೇಡಿ. ಆಲ್ಟರ್ನೇಟರ್ ಮತ್ತು ಎಲೆಕ್ಟ್ರಾನಿಕ್ಸ್ ಇರುವ ಎತ್ತರ ಬದಲಾಗಿಲ್ಲ. ಇನ್ನೊಂದು, ಡಿಫರೆನ್ಷಿಯಲ್ (ಎಡ-ಬಲ ಚಕ್ರಗಳಿಗೆ ಶಕ್ತಿ ಹಂಚುವ ಗೇರುಗಳ ಪೆಟ್ಟಿಗೆ) ಮತ್ತು ಗೇರ್‌ಬಾಕ್ಸ್‌ಗಳ ಬ್ರೀದರ್, ಅಂದರೆ ಒಳಗಿನ ಗಾಳಿ ಹೊರಗೆ-ಒಳಗೆ ಆಡಲು ಇರುವ ಸಣ್ಣ ದಾರಿ. ಓಡಿ ಬಿಸಿಯಾದ ಡಿಫರೆನ್ಷಿಯಲ್ ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗಿ ಬ್ರೀದರ್‌ನಿಂದಲೋ ಸೀಲ್‌ನಿಂದಲೋ ನೀರನ್ನು ಎಳೆದುಕೊಳ್ಳುತ್ತದೆ. ಆಯಿಲ್ ಹಾಲುಬಣ್ಣಕ್ಕೆ ತಿರುಗಿದರೆ ನೀರು ಸೇರಿದೆ ಅಂತಲೇ. ಅದಕ್ಕೆ ಸ್ನಾರ್ಕೆಲ್ ಜೊತೆಗೇ ಬ್ರೀದರ್ ಪೈಪುಗಳನ್ನೂ ಉದ್ದ ಮಾಡಿ, ತುದಿಗಳನ್ನು ಬಾನೆಟ್ ಒಳಗೆ ಆದಷ್ಟು ಎತ್ತರಕ್ಕೆ ಕಟ್ಟಿದೆ.