ರಿಟೈರ್ ಆದ ಮೇಲೆ ನಾಯಿ ಸಾಕಬೇಕಾ? ಮೊದಲು ಮೊಣಕಾಲನ್ನು ಕೇಳಿ

ನಾನು ರಿಟೈರ್ ಆಗಿ ಮೂರು ವಾರ ಆಗಿತ್ತಷ್ಟೆ. ಮನೆಯವಳು ಹೇಳಿಯೇ ಬಿಟ್ಟಳು, "ರೀ, ಬೆಳಗ್ಗೆಯಿಂದ ಹತ್ತು ಸಲ ಫ್ರಿಜ್ ತೆಗೆದು ನೋಡ್ತಿದ್ದೀರಿ, ಒಂದು ನಾಯಿನಾದ್ರೂ ಸಾಕಿ." ಡೊಂಬಿವಲಿಯಿಂದ ಮುಂಬೈಯ ಫೋರ್ಟ್‌ಗೆ ಮೂವತ್ತು ವರ್ಷ ಲೋಕಲ್ ರೈಲಿನಲ್ಲಿ ನೇತಾಡಿಕೊಂಡು ಹೋದವನಿಗೆ ಎಂಟು ಗಂಟೆ ಆದ ಮೇಲೆ ಮನೆಯಲ್ಲಿ ಏನು ಮಾಡಬೇಕು ಅಂತ ಎಲ್ಲಿ ಗೊತ್ತಿರುತ್ತದೆ? ನಿಮ್ಮದೂ ಇದೇ ಪಾಡಾದರೆ ಒಂದು ಮಾತು ಕೇಳಿ. ಸೀದಾ ಹೋಗಿ ಮರಿ ತರಬೇಡಿ.

ಲೆಕ್ಕ ಹಾಕಿ ನೋಡಿ. ನಾಯಿ 12-13 ವರ್ಷ ಬದುಕುತ್ತದೆ. 60ರಲ್ಲಿ ಮರಿ ತಂದರೆ ಅದು ಮುದಿಯಾಗುವಾಗ ನಿಮಗೆ 72, ಇಬ್ಬರಿಗೂ ಮೆಟ್ಟಿಲು ಹತ್ತಲಾಗುವುದಿಲ್ಲ. ಲ್ಯಾಬ್ರಡಾರ್ ಅಂದರೆ 30 ಕಿಲೋ, ಬೆಕ್ಕು ಕಂಡು ಒಂದು ಸಲ ಎಳೆದರೆ ಸಾಕು, ನಿಮ್ಮ ಸೊಂಟ ಹೋಯಿತು. ಅದಕ್ಕೇ ಐದಾರು ವರ್ಷದ, ಮನುಷ್ಯರ ಸಹವಾಸ ಗೊತ್ತಿರುವ ಬೀದಿನಾಯಿ ನೋಡಿ. ಕಿವಿಯ ತುದಿ ಸ್ವಲ್ಪ ಕತ್ತರಿಸಿದ್ದರೆ ಅದರ ಸಂತಾನಹರಣ ಆಪರೇಷನ್ ಆಗಿದೆ ಅಂತ ಅರ್ಥ. ಮೊದಲು ಎರಡು ವಾರ ಸುಮ್ನೆ ಮನೆಯಲ್ಲಿ ಇಟ್ಟುಕೊಂಡು ನೋಡಿ, ಹೊಂದಿಕೊಂಡರೆ ಮುಂದಿನ ಮಾತು. ವರ್ಷಕ್ಕೊಮ್ಮೆ ರೇಬೀಸ್ ಚುಚ್ಚುಮದ್ದು, ಮಹಾನಗರಪಾಲಿಕೆಯ ಲೈಸೆನ್ಸ್, ಇವೆರಡನ್ನು ಮಾತ್ರ ನಾಳೆಗೆ ದೂಡಬೇಡಿ.

ನಮ್ಮ ಗುಂಡ ಹಾಗೇ ಬಂದವನು, ವಾಚ್‌ಮನ್ ಕುರ್ಚಿಯ ಕೆಳಗಿಂದ. ಈಗ ಬೆಳಗ್ಗೆ ಆರಕ್ಕೆ ಒದ್ದೆ ಮೂಗು ತಂದು ನನ್ನ ಅಂಗೈಗೆ ಒತ್ತುತ್ತಾನೆ, ಅಲಾರಂ ಬೇಡ. ಮಳೆಗಾಲದಲ್ಲಿ ಮಾತ್ರ ಕೆಲಸ ಜಾಸ್ತಿ. ವಾಕಿಂಗ್ ಮುಗಿಸಿ ಬಂದ ಮೇಲೆ ನಾಲ್ಕೂ ಕಾಲಿನ ಬೆರಳ ಸಂದು ಒರೆಸಬೇಕು, ಕಿವಿ ಹಿಂದೆ ಉಣ್ಣಿ ಇದೆಯಾ ಅಂತ ಬೆರಳಾಡಿಸಿ ನೋಡಬೇಕು. ಅನ್ನ, ಬೇಯಿಸಿದ ಮೊಟ್ಟೆ, ಮುಳ್ಳು ತೆಗೆದ ಮೀನು ಎಲ್ಲ ಹಾಕಬಹುದು. ಈರುಳ್ಳಿ, ದ್ರಾಕ್ಷಿ, ಚಾಕೊಲೇಟ್ ಮಾತ್ರ ಬೇಡವೇ ಬೇಡ. ಮೊಮ್ಮಕ್ಕಳಿಗೂ ಹೇಳಿಡಿ.

ಹೌಸಿಂಗ್ ಸೊಸೈಟಿಯವರು ನಾಯಿ ಸಾಕಬಾರದು ಅಂತ ರೂಲ್ ಮಾಡುವ ಹಾಗಿಲ್ಲ. ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಇದನ್ನು ಹೇಳಿದೆ. ಹಾಗಂತ ಸೆಕ್ರೆಟರಿ ಹತ್ತಿರ ಕಾನೂನು ಮಾತಾಡಲು ಹೋಗಬೇಡಿ, ದಿನಾ ಜೇಬಿನಲ್ಲಿ ನಾಯಿಯ ಹೇಲು ಎತ್ತಲು ಹಳೆ ಪೇಪರು, ಕವರು ಇಟ್ಟುಕೊಂಡು ಹೋಗಿ, ಜಗಳ ಅರ್ಧ ಅಲ್ಲೇ ಮುಗಿಯುತ್ತದೆ.

ಮುಂಬೈಯಲ್ಲಿರುವ ನಮ್ಮವರಿಗೆ ದೊಡ್ಡ ತಲೆನೋವು ಊರಿಗೆ ಹೋಗುವುದು. ರೈಲಿನಲ್ಲಿ ನಾಯಿ ಜೊತೆಗೇ ಇರಬೇಕಾದರೆ ಫಸ್ಟ್ ಎಸಿಯಲ್ಲಿ ಪೂರ್ತಿ ಕೂಪೆ (ಬಾಗಿಲಿರುವ ಪುಟ್ಟ ಕೋಣೆ) ಬುಕ್ ಮಾಡಬೇಕು, ಇಲ್ಲದಿದ್ದರೆ ಗಾರ್ಡಿನ ಡಬ್ಬಿಯ ಪೆಟ್ಟಿಗೆಯೇ ಗತಿ. ನಾನು ಗುಂಡನನ್ನು ಮೇಲಿನ ಮನೆಯವರ ಹತ್ತಿರ ಬಿಡುತ್ತೇನೆ, ಬರುವಾಗ ಅವರಿಗೆ ಹಲಸಿನ ಹಪ್ಪಳ. ವರ್ಷಕ್ಕೆ ಮೂರು ಸಲ ಊರಿಗೆ ಓಡುವವರಾದರೆ ಬೆಕ್ಕು ವಾಸಿ. ಪಕ್ಕದ ಮನೆಯವರು ದಿನಕ್ಕೆರಡು ಸಲ ಬಂದು ಊಟ ಹಾಕಿ ಹೋದರೆ ನಾಲ್ಕು ದಿನ ಕಳೆಯುತ್ತದೆ.

ಮೀನು ಸಾಕುವುದು ಸುಲಭ ಅಂತಾರೆ. ನಾನೂ ನಂಬಿದ್ದೆ. ಒಂದು ಭಾನುವಾರ ಉತ್ಸಾಹ ಬಂದು ತೊಟ್ಟಿಯ ನೀರೆಲ್ಲ ಚೆಲ್ಲಿ, ಫಿಲ್ಟರಿನ ಸ್ಪಂಜನ್ನು ನಲ್ಲಿ ನೀರಿನಲ್ಲಿ ತಿಕ್ಕಿ ತಿಕ್ಕಿ ತೊಳೆದೆ. ಎರಡೇ ದಿನದಲ್ಲಿ ಎಂಟೂ ಮೀನು ಮೇಲೆ ತೇಲಿದವು. ಮೀನಿನ ಹೇಲಿನಿಂದ ಬರುವ ಅಮೋನಿಯಾವನ್ನು ಅರಗಿಸುವ ಬ್ಯಾಕ್ಟೀರಿಯಾ ಆ ಸ್ಪಂಜಿನಲ್ಲೇ ಇರುತ್ತದೆ, ನಲ್ಲಿ ನೀರಿನ ಕ್ಲೋರಿನ್ ಅದನ್ನೇ ಕೊಂದುಹಾಕುತ್ತದೆ ಅಂತ ಆಮೇಲೆ ತಿಳಿಯಿತು. ವಾರಕ್ಕೆ ಕಾಲು ಭಾಗ ನೀರು ಮಾತ್ರ ಬದಲಿಸಿ, ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ. ಹೊಸ ತೊಟ್ಟಿಗೆ ಆ ಬ್ಯಾಕ್ಟೀರಿಯಾ ಬರಲು ತಿಂಗಳಾದರೂ ಬೇಕು. ಎರಡು ಅಡಿಯ ತೊಟ್ಟಿಯಲ್ಲಿ ನೀರೇ 55 ಕಿಲೋ, ಅಲ್ಲಾಡುವ ಟೀಪಾಯಿ ಮೇಲೆ ಇಡಬೇಡಿ.

ಗಿಳಿ? ನಮ್ಮ ಹಸಿರು ಗಿಳಿಯನ್ನು ಪಂಜರದಲ್ಲಿಡುವುದು ಅಪರಾಧ, 1972ರ ವನ್ಯಜೀವಿ ಕಾಯ್ದೆ ಇದೆ. ಪಾರಿವಾಳಕ್ಕೆ ಕಾಳು ಹಾಕುವ ಆಸೆಯನ್ನೂ ಬಿಡಿ. ಅದರ ಹಿಕ್ಕೆಯ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. 2025ರಲ್ಲಿ ಮುಂಬೈಯ ದಾದರ್ ಕಬೂತರ್‌ಖಾನಾ, ಅಂದರೆ ಪಾರಿವಾಳಕ್ಕೆ ಕಾಳು ಹಾಕುವ ಜಾಗ, ಮುಚ್ಚಿದಾಗ ಎಷ್ಟು ಗಲಾಟೆ ಆಯಿತು, ನೋಡಿದ್ದೀರಲ್ವಾ?

ಏನೂ ಸಾಕುವ ತಾಕತ್ತಿಲ್ಲ ಅಂದರೆ ಫ್ಲೆಮಿಂಗೊ ಹಕ್ಕಿ ನೋಡಲು ಹೊರಡಿ. ಡಿಸೆಂಬರ್ ಹೊತ್ತಿಗೆ ಮುಂಬೈ ಪಕ್ಕದ ಠಾಣೆ ಖಾರಿ ಗುಲಾಬಿ ಆಗಿಬಿಡುತ್ತದೆ, ಮೇ ತನಕ ಇರುತ್ತವೆ. ತಲೆ ಕೆಳಗೆ ಮಾಡಿ ಕೊಕ್ಕನ್ನು ಕೆಸರಲ್ಲಿ ಆಡಿಸುತ್ತಾ ಪಾಚಿ ಸೋಸಿ ತಿನ್ನುತ್ತವೆ, ಆ ಬಣ್ಣ ಬರುವುದೂ ಆ ಪಾಚಿಯಿಂದಲೇ. ಠಾಣೆಯಲ್ಲಿ ಗಾಡಿ ಬದಲಿಸಿ ಐರೋಳಿಗೆ ಇಳಿದರೆ ಅರಣ್ಯ ಇಲಾಖೆಯ ಕೇಂದ್ರಕ್ಕೆ ರಿಕ್ಷಾ ಸಿಗುತ್ತದೆ, ದೋಣಿ ಅಲ್ಲಿಂದಲೇ. ಉಬ್ಬರ ನೋಡಿ ಬಿಡುತ್ತಾರೆ, ಹಾಗಾಗಿ ಸಮಯ ದಿನಾ ಬೇರೆ, ಮೊದಲೇ ಕೇಳಿಕೊಂಡು ಹೋಗಿ. 8×42 ಬೈನಾಕ್ಯುಲರ್ (ಎಂಟು ಪಟ್ಟು ದೊಡ್ಡದಾಗಿ ತೋರಿಸುವುದು) ಒಂದಿದ್ದರೆ ಸಾಕು, ದೊಡ್ಡದು ತಂದರೆ ಕೈ ನಡುಗಿ ಹಕ್ಕಿಯೂ ನಡುಗುತ್ತದೆ. ಟೋಪಿ, ನೀರು ತಗೊಳ್ಳಿ. ದೋಣಿ ಹತ್ತುವ ಮೊದಲೇ ಬಾತ್‌ರೂಮಿಗೆ ಹೋಗಿ ಬನ್ನಿ, ಖಾರಿ ನಡುವೆ ನಿಲ್ಲಿಸಿ ಅನ್ನುವ ಹಾಗಿಲ್ಲ.